ತೊಟ್ಟಿಲಲ್ಲಿ ಓಡುವ ಎಂಜಿನ್

ಆ ಎಂಜಿನ್ ನನ್ನ ಕೈಯಲ್ಲಿ ಎಂದೂ ಓಡುವುದಿಲ್ಲ ಅಂದವರು ಇಬ್ಬರು. ಒಬ್ಬರು ಮುಂಬಯಿಯ ಪವಾಯಿಯಲ್ಲಿರುವ ಉಗಿ ಎಂಜಿನ್ ಕ್ಲಬ್ಬಿನ ಅಧ್ಯಕ್ಷರು. ಸಾಂತಾಕ್ರೂಜ್‌ನಲ್ಲಿ ಏರ್‌ಪೋರ್ಟಿನ ಹತ್ತಿರ ಅವರದೊಂದು ಹೋಟೆಲ್ ಇದೆ. ಇನ್ನೊಬ್ಬಳು ನನ್ನ ಅಪ್ಪನ ಅಕ್ಕ. ನಾವಿಬ್ಬರೂ ಆಂಟಾಪ್ ಹಿಲ್‌ನ ಒಂದು ಖೋಲಿಯಲ್ಲಿ ಇರುತ್ತೇವೆ. ಅವಳನ್ನು ನಾನು ಅತ್ತಿ ಅನ್ನುತ್ತೇನೆ.

ಅಧ್ಯಕ್ಷರು ಚಹಾದ ಕಪ್ಪನ್ನು ಬಸಿಯ ಮೇಲಿಟ್ಟು ಇಂಗ್ಲಿಷಿನಲ್ಲಿ ಹೇಳಿದರು: "ಅದು ಓಡುವ ಎಂಜಿನ್ ಅಲ್ಲ ಮಿಸ್. ಓಡಿದರೂ ನಿಮ್ಮ ಕೈಯಲ್ಲಿ ಓಡುವುದಿಲ್ಲ."

ಅತ್ತಿ ರೊಟ್ಟಿ ಬಡಿಯುತ್ತ ಹೇಳಿದಳು: "ಆ ಸಾಹೇಬ್ರು ನಿನಗ ಒರಸಾಕ ಅರಿವಿ ಕೊಡ್ತಾರ, ಅಷ್ಟ. ಓಡಸಾಕ ಎಂದೂ ಕೊಡೂದಿಲ್ಲ. ಸುಮ್ನ ರವಿವಾರ ಹಾಳು ಮಾಡ್ಕೋಬ್ಯಾಡ."

ಇಬ್ಬರಲ್ಲಿ ಅತ್ತಿಯ ಮಾತಿಗೆ ಆಧಾರವಿತ್ತು. ಅಧ್ಯಕ್ಷರ ಮಾತಿಗೆ ಇದ್ದದ್ದು ಅವರ ದನಿ ಮಾತ್ರ.

ಇದು ಮಕ್ಕಳ ಆಟದ ರೈಲಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಓದುವವರೂ ಅತ್ತಿಯ ಹಾಗೆ ನಗುತ್ತಾರೆ. ಉದ್ದದಲ್ಲಿ ಒಂದು ಬೆಂಚಿನಷ್ಟು ಇರುವ ಉಗಿ ಎಂಜಿನ್. ನಿಜವಾದ ಕಲ್ಲಿದ್ದಲು, ನಿಜವಾದ ಬಾಯ್ಲರ್, ನಿಜವಾದ ಉಗಿ. ಮಂಡಿಯೆತ್ತರದ ಕಟ್ಟೆಯ ಮೇಲೆ ಹಳಿ ಹಾಸಿರುತ್ತಾರೆ. ಎಂಜಿನ್ನಿನ ಹಿಂದೆ ಟ್ರಾಲಿ. ಟ್ರಾಲಿಯ ಮೇಲೆ ದೊಡ್ಡವರು ಒಬ್ಬರ ಹಿಂದೊಬ್ಬರು ಕೂರುತ್ತಾರೆ. ಅಷ್ಟು ಸಣ್ಣ ಯಂತ್ರ ಅಷ್ಟು ಮಂದಿಯನ್ನು ಎಳೆದುಕೊಂಡು ಹೋಗುವುದನ್ನು ಮೊದಲ ಸಲ ನೋಡಿದಾಗ, ಟ್ರಾಲಿಯ ಕೆಳಗೆ ಬೇರೆ ಮೋಟರು ಇದೆಯೇನೋ ಅಂತ ಬಗ್ಗಿ ಹುಡುಕಿದೆ. ಯಂತ್ರದ ಬಗ್ಗೆ ನನಗಿರುವ ಗೌರವ ಇವತ್ತಿಗೂ ಹಾಗೇ ಇದೆ. ಅದರ ಮಾಲೀಕರ ಬಗ್ಗೆ ಇದ್ದ ಗೌರವ ಅದೇ ಮಧ್ಯಾಹ್ನ ಚಹಾದ ಹೊತ್ತಿಗೆ ಮುಗಿದಿತ್ತು.

ಅಲ್ಲಿನ ಸದಸ್ಯರೆಲ್ಲ ಎಂಜಿನ್ ಕಟ್ಟಿದವರಲ್ಲ, ಪೆಟ್ಟಿಗೆ ಬಿಚ್ಚಿದವರು. ವಿಲಾಯತಿಯಿಂದ ಮರದ ಪೆಟ್ಟಿಗೆಯಲ್ಲಿ ಬರುತ್ತದೆ, ಮೊಳೆ ಕೀಳಿಸುತ್ತಾರೆ, ಹಿತ್ತಾಳೆ ಉಜ್ಜಿಸುತ್ತಾರೆ, ನೀಲಿ ಡಾಂಗರಿ ತೊಟ್ಟು ಕುತ್ತಿಗೆಗೆ ಕೆಂಪು ಕರವಸ್ತ್ರ ಕಟ್ಟಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಡಾಂಗರಿಗೂ ಇಸ್ತ್ರಿ ಆಗಿರುತ್ತದೆ. ನನ್ನಪ್ಪ ಇದೇ ಪವಾಯಿಯಲ್ಲಿ ಗಿಲಾಯಿ, ಅಂದರೆ ಗೋಡೆಗೆ ಗಾರೆ ಮೆತ್ತುವ ಕೆಲಸ ಮಾಡಿದವನು. ಕೆಲಸದ ಬಟ್ಟೆಗೆ ಇಸ್ತ್ರಿ ಹಾಕಿಸುವ ಜನರನ್ನು ಅವನು ನೋಡಿದ್ದರೆ ಏನನ್ನುತ್ತಿದ್ದ ಅಂತ ನನಗೆ ಗೊತ್ತು, ಇಲ್ಲಿ ಬರೆಯುವ ಹಾಗಿಲ್ಲ.

ನಾನು ಅಲ್ಲಿಗೆ ಹೋದದ್ದು ನಮ್ಮ ಕಂಪನಿಯ ಮ್ಯಾನೇಜರ್ ಕರೆದುಕೊಂಡು ಹೋದದ್ದಕ್ಕೆ. ಸಾಕಿನಾಕಾದಲ್ಲಿ ಪೈಪುಗಳಿಗೆ ವಾಲ್ವ್ ಮಾಡುವ ಕಂಪನಿ. ನಾನು ಅಲ್ಲಿ ತಪಾಸಣೆ ವಿಭಾಗದ ಎಂಜಿನಿಯರ್. ಮ್ಯಾನೇಜರೂ ಕ್ಲಬ್ಬಿನ ಸದಸ್ಯರು; ಅವರ ಎಂಜಿನ್ನಿನ ಸೇಫ್ಟಿ ವಾಲ್ವ್ ಸೋರುತ್ತಿತ್ತು. ಸರಿಮಾಡಿದೆ. ಮ್ಯಾನೇಜರ್ ಆಮೇಲೆ ಪುಣೆಗೆ ಹೋದರು, ನಾನು ಕ್ಲಬ್ಬಿನಲ್ಲಿ 'ಗೆಸ್ಟ್' ಆಗಿ ಉಳಿದೆ. ಗೆಸ್ಟ್ ಅಂದರೆ ನೀರು ತುಂಬಬಹುದು, ಬೂದಿ ತೆಗೆಯಬಹುದು, ಒರೆಸಬಹುದು. ಉಗಿ ಬಿಡುವ ಹಿಡಿಕೆ ಮುಟ್ಟಬೇಕಾದರೆ ಡ್ರೈವರ್ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಬೇಕಾದರೆ ಎಂಜಿನ್ ಓಡಿಸಿ ತೋರಿಸಬೇಕು. ಓಡಿಸಲು ಸ್ವಂತದ ಎಂಜಿನ್ ಇರಬೇಕು. ನಮ್ಮ ಖೋಲಿಯಲ್ಲಿ ಎಂಜಿನ್ ಇಟ್ಟರೆ ಅತ್ತಿ ಮಲಗುವುದು ಎಲ್ಲಿ?

ಮೊದಲ ದಿನ ಅಧ್ಯಕ್ಷರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಬ್ಯಾಚ್?" ಕೇಳುತ್ತಾ ಗದ್ದದಿಂದ ಕೆರೆಯ ಕಡೆಯ ದೊಡ್ಡ ಸಂಸ್ಥೆಯನ್ನು ತೋರಿಸಿದರು, ಜಗತ್ತಿನಲ್ಲಿ ಎಂಜಿನಿಯರು ಹುಟ್ಟುವುದು ಅದೊಂದೇ ಗೇಟಿನೊಳಗೆ ಅನ್ನುವ ಹಾಗೆ. ನಾನು ನನ್ನ ಸಂಜೆ ಕಾಲೇಜಿನ ಹೆಸರು ಹೇಳಿದೆ. "ಓ" ಅಂದರು. ಈ ಊರಿನಲ್ಲಿ ಆ 'ಓ' ನಾನು ಬೇಕಾದಷ್ಟು ಬಾಯಿಗಳಿಂದ ಕೇಳಿದ್ದೇನೆ. ಎಲ್ಲರದೂ ಅಷ್ಟೇ ಉದ್ದ ಇರುತ್ತದೆ.

ಹಗಲು ಕೆಲಸ, ಸಂಜೆ ಕ್ಲಾಸು, ಲೋಕಲ್‌ನಲ್ಲಿ ನಿಂತುಕೊಂಡೇ ಓದು. ಅಪ್ಪ ಅವ್ವ ಹೋದ ಮೇಲೆ ಅತ್ತಿ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಹಾಕಿ ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಬಂದದ್ದು ನನಗೇ ಮೊದಲು. ಆ ಸರ್ಟಿಫಿಕೇಟನ್ನೂ ಯಾರೂ ನನಗೆ ಕೈಯೆತ್ತಿ ಕೊಡಲಿಲ್ಲ. ಸಮಾರಂಭದ ದಿನ ರಜೆ ಸಿಗಲಿಲ್ಲ. ಆಮೇಲೆ ಹೋಗಿ ಕಿಟಕಿಯಲ್ಲಿ ಕೈ ತೂರಿಸಿದೆ, ಒಳಗಿನವನು ಮುಖ ನೋಡದೆ ತಳ್ಳಿ ಹಿಂದಿನವಳನ್ನು ಕರೆದ. ಅದಕ್ಕೇ ಈ ಕ್ಲಬ್ಬಿನ ಕಾಗದದ ಮೇಲೆ ನನಗೆ ಆಸೆ ಹುಟ್ಟಿತು. ಇವರು ಅದನ್ನು ನನ್ನ ಕೈಯಲ್ಲಿ, ನನ್ನ ಮುಖ ನೋಡಿ ಕೊಡಬೇಕು ಅನ್ನಿಸಿತು. ಇವರೇ ಕೊಡಬೇಕು.

ಕ್ಲಬ್ಬಿನಲ್ಲಿ ಒಂದು ಅನಾಥ ಎಂಜಿನ್ ಇತ್ತು. ತೀರಿಹೋದ ಒಬ್ಬ ಸದಸ್ಯರು ಅದನ್ನು ತಮ್ಮ ಕೈಯಾರೆ ಕಟ್ಟಿದ್ದರು. ಮನೆಯವರು ತಂದು ಕ್ಲಬ್ಬಿಗೆ ಕೊಟ್ಟರು. ಅಲ್ಲಿದ್ದ ಎಲ್ಲವುಗಳಲ್ಲಿ ಮನುಷ್ಯರು ಮಾಡಿದ್ದು ಅಂತ ಕಾಣುತ್ತಿದ್ದದ್ದು ಅದೊಂದೇ. ಅದು ಹಳಿಯ ಮೇಲೆ ಕುಂಟುತ್ತಿತ್ತು. ಗುಲ್‌ಮೊಹರ್ ಮರದ ಹತ್ತಿರ ಹಳಿ ಸ್ವಲ್ಪ ಏರುತ್ತದೆ; ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು.

ಅದರ ವಾಲ್ವ್ ಗೇರನ್ನು ತಿಂಗಳಿಗೊಮ್ಮೆ 'ಸೆಟ್' ಮಾಡುತ್ತಿದ್ದರು. ವಾಲ್ವ್ ಗೇರ್ ಅಂದರೆ ಇಷ್ಟು: ಪಿಸ್ಟನ್ನಿಗೆ ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಉಗಿ ಬಿಡಬೇಕು. ಬಿಡುವ ಬಾಗಿಲು ವಾಲ್ವ್. ಆ ಬಾಗಿಲನ್ನು ಹೊತ್ತಿಗೆ ಸರಿಯಾಗಿ ಎಳೆದು ತಳ್ಳುವ ಕಡ್ಡಿಗಳ ಸಂಸಾರವೇ ವಾಲ್ವ್ ಗೇರ್. ಕಡ್ಡಿಗಳ ಒಂದು ತುದಿ ಗಾಲಿಯ ಅಚ್ಚಿನ ಮೇಲೆ, ಇನ್ನೊಂದು ತುದಿ ವಾಲ್ವಿನಲ್ಲಿ. ವಾಲ್ವಿನ ಕಡ್ಡಿಯಲ್ಲಿ ಒಂದು ನಟ್ಟು. ಅದನ್ನು ತಿರುಗಿಸಿ ಬಾಗಿಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಬಹುದು. ಎಡಕ್ಕೊಂದು ಬಲಕ್ಕೊಂದು ಪಿಸ್ಟನ್; ಎಲ್ಲ ಸರಿ ಇದ್ದರೆ ಗಾಲಿಯ ಒಂದು ಸುತ್ತಿಗೆ ಹೊಗೆ ಕೊಳವೆಯಿಂದ ನಾಲ್ಕು ಉಸಿರು, ನಾಲ್ಕೂ ಸಮ.

ಸೆಟ್ ಮಾಡುವುದೊಂದು ದೊಡ್ಡ ವಿಧಿ. ಎಂಜಿನ್ನಿನ ಬಣ್ಣ ಕೆಡಬಾರದು ಅಂತ ಅಧ್ಯಕ್ಷರು ಸಾಗುವಾನಿಯ ಒಂದು ತೊಟ್ಟಿಲು ಮಾಡಿಸಿದ್ದರು, ಒಳಗೆ ಹಸಿರು ಮಖಮಲ್ಲು, ಬಂಗಾರದಂಗಡಿಯ ಡಬ್ಬಿಯ ಹಾಗೆ. ಕೂಸನ್ನು ಮಲಗಿಸಿದಂತೆ ಎಂಜಿನ್ನನ್ನು ಅದರಲ್ಲಿ ಇಡುತ್ತಿದ್ದರು. ಗಾಲಿ ನೆಲ ಮುಟ್ಟದೆ ಜೋಲಾಡಬೇಕು. ಆಮೇಲೆ ಉಗಿಯ ಬದಲು ಕಂಪ್ರೆಸರಿನ ಗಾಳಿ ಬಿಡುವುದು. ಅಧ್ಯಕ್ಷರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಾ, "ಹಿಂದಿನದು ಸ್ವಲ್ಪ... ಹಾಂ... ಇನ್ನೂ ಸ್ವಲ್ಪ" ಅನ್ನುವುದು. ಹಲ್ಲಿನ ಡಾಕ್ಟರೊಬ್ಬರು ಪಾನಾ ಹಿಡಿದು ನಟ್ಟು ತಿರುಗಿಸುವುದು. ನಾಲ್ಕೂ ಉಸಿರು ಸಮವಾದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿ ಚಹಾ ಕುಡಿಯುವುದು. ಆಮೇಲೆ ಹಳಿಗೆ ಇಳಿಸುವುದು, ಅದು ಕುಂಟುವುದು.

ಕುಂಟಿದಾಗ ಇವರ ವಿದ್ಯೆ ಹೊರಗೆ ಬರುತ್ತಿತ್ತು. ಕಲ್ಲಿದ್ದಲು ಸರಿಯಿಲ್ಲ. ನೀರಿನಲ್ಲಿ ಸುಣ್ಣ ಇದೆ. ಮುಂಬಯಿಯ ಹವೆ. ಹಲ್ಲಿನ ಡಾಕ್ಟರು ಹಳಿಯ ಕಂಪನದ ಮೇಲೆ ಭಾಷಣ ಮಾಡಿದರು. ಎಲ್ಲ ಮುಗಿದ ಮೇಲೆ ಅಧ್ಯಕ್ಷರು ನಿಟ್ಟುಸಿರು ಬಿಟ್ಟು, "ಪಾಪ, ಕಟ್ಟಿದವರ ಕೈ ಅಷ್ಟೇ ಇತ್ತು" ಅಂದರು. ಸತ್ತವರ ಮೇಲೆ ಹೊರಿಸಿದರೆ ತಿರುಗಿ ಮಾತಾಡುವುದಿಲ್ಲವಲ್ಲ.

ಮಳೆ ನಿಂತ ಮೇಲೆ ಒಂದು ಭಾನುವಾರ ಅಧ್ಯಕ್ಷರು ತೀರ್ಮಾನ ಹೇಳಿದರು. ಈ ಎಂಜಿನ್ನನ್ನು ಅವರ ಹೋಟೆಲಿನ ಲಾಬಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡುವುದು. ಬಂದವರು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ನಾನು ಬೂದಿಯ ತಟ್ಟೆ ಹಿಡಿದುಕೊಂಡೇ ಕೇಳಿದೆ, "ಸರ್, ಒಂದು ಸಲ ನಾನು ಸೆಟ್ ಮಾಡಿ ನೋಡಲಾ?"

ಆಗಲೇ ಅವರು ಆ ಮಾತು ಹೇಳಿದ್ದು, ಓಡಿದರೂ ನಿಮ್ಮ ಕೈಯಲ್ಲಿ ಓಡುವುದಿಲ್ಲ ಅಂತ. ಆಮೇಲೆ ಎಲ್ಲರ ಮುಖ ನೋಡಿ, ಇದು ಮೋಜಾಗಿರುತ್ತದೆ ಅನ್ನಿಸಿತೋ ಏನೋ, "ಸರಿ, ಮಾಡಿ. ಮುಂದಿನ ರನ್ನಿಂಗ್ ದಿನ ಮೂವರನ್ನು ಕೂರಿಸಿಕೊಂಡು ಮೂರು ಸುತ್ತು ನಿಲ್ಲದೆ ಹೋದರೆ ಎಂಜಿನ್ ಇಲ್ಲೇ ಇರಲಿ, ನೀವೇ ಓಡಿಸಿ. ಸರ್ಟಿಫಿಕೇಟ್ ನಾನೇ ನನ್ನ ಕೈಯಾರೆ ಕೊಡುತ್ತೇನೆ. ಹೋಗದಿದ್ದರೆ ಲಾಬಿಗೆ" ಅಂದರು.

ನಾಲ್ಕಾರು ಜನ ನಕ್ಕರು. ನಾನು ಬೂದಿ ಚೆಲ್ಲಿ ಬಂದೆ.

ಮರುವಾರ ಕ್ಲಬ್ಬು ಖಾಲಿ ಇದ್ದ ದಿನ ಅತ್ತಿಯನ್ನು ಕರೆದುಕೊಂಡು ಹೋದೆ. ಕರೆದುಕೊಂಡು ಹೋದೆ ಅನ್ನುವುದು ತಪ್ಪು. ಯಾರೂ ಇಲ್ಲದ ಜಾಗಕ್ಕೆ ಒಬ್ಬಳೇ ಹೋಗುತ್ತೀಯಾ ಅಂತ ಅವಳೇ ಬಂದಳು. ಸಯನ್‌ನಲ್ಲಿ ಲೋಕಲ್ ಹತ್ತಿದೆವು. ಲೋಕಲ್‌ನ ಸೀಟು ಮೂವರದು, ಆದರೆ ನಾಲ್ಕನೆಯವರಿಗೆ ತುದಿಯಲ್ಲಿ ಅರ್ಧ ಕುಂಡಿ ಊರುವಷ್ಟು ಜಾಗ ಬಿಡಬೇಕು ಅನ್ನುವುದು ಇಲ್ಲಿನ ಕಾನೂನು. ಫೋರ್ತ್ ಸೀಟ್ ಅನ್ನುತ್ತಾರೆ. ಬರೆಯದ ಆ ಕಾನೂನನ್ನು ಅತ್ತಿಯಷ್ಟು ಕಟ್ಟುನಿಟ್ಟಾಗಿ ಜಾರಿ ಮಾಡುವವರನ್ನು ನಾನು ಕಂಡಿಲ್ಲ. "ಸರ್ಕೋ, ಸರ್ಕೋ" ಅಂದರೆ ಮುಗಿಯಿತು, ಇಡೀ ಸೀಟು ಸರಿಯುತ್ತದೆ. ಆವತ್ತು ಮಾತ್ರ ಒಬ್ಬ ಹುಡುಗಿ ಕಿವಿಗೆ ವಯರು ಸಿಕ್ಕಿಸಿಕೊಂಡು ಕೇಳಿಸದವಳಂತೆ ಕೂತಿದ್ದಳು. ಕಾಂಜೂರ್‌ಮಾರ್ಗದ ತನಕ ಅತ್ತಿ ಅವಳನ್ನು ಬೈದಳು, ಕನ್ನಡದಲ್ಲಿ, ನಗುನಗುತ್ತಾ.

ಕ್ಲಬ್ಬಿನ ಶೆಡ್ಡಿನಲ್ಲಿ ಅತ್ತಿ ಮೆಂತ್ಯದ ಸೊಪ್ಪು ಸೋಸುತ್ತಾ ಕೂತಳು. ನಾನು ತೊಟ್ಟಿಲಿನ ಮುಂದೆ ಕೂತೆ.

ಒಂದು ವಿಷಯ ನನಗೆ ಮೊದಲಿಂದಲೂ ಕಿರಿಕಿರಿ ಮಾಡುತ್ತಿತ್ತು. ಹಳಿಯ ಮೇಲೆ ಅದು ಕುಂಟುವ ರೀತಿ: ಎರಡು ಉಸಿರು ಗಟ್ಟಿ, ಎರಡು ಮೆತ್ತಗೆ. ಮತ್ತೆ ಎರಡು ಗಟ್ಟಿ, ಎರಡು ಮೆತ್ತಗೆ. ಒಂದು ವಾಲ್ವ್ ತಪ್ಪಿದ್ದರೆ ಹೀಗೆ ಬರುವುದಿಲ್ಲ. ಹೀಗೆ ಬರಬೇಕಾದರೆ ಎಡಗಡೆಯದೂ ಬಲಗಡೆಯದೂ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ತಪ್ಪಬೇಕು. ಎರಡೂ ಒಟ್ಟಿಗೆ ತಪ್ಪುತ್ತವೆ ಅಂದರೆ ತಪ್ಪು ಅವೆರಡಕ್ಕೂ ಸೇರಿದ್ದರಲ್ಲಿರಬೇಕು. ಅವೆರಡಕ್ಕೂ ಸೇರಿದ್ದು ಅಚ್ಚು.

ಓಡುವಾಗಿನ ತೂಕವೇ ಬರಲಿ ಅಂತ ಬಾಯ್ಲರಿಗೆ ನೀರು ತುಂಬಿಸಿ, "ಅತ್ತಿ, ಒಂದ್ ಕಡೆ ಹಿಡಿ" ಅಂದೆ. ಹಿಟ್ಟಿನ ಚೀಲ ಎತ್ತುವವಳಿಗೆ ಇದು ಲೆಕ್ಕಕ್ಕಿಲ್ಲ. ಇಬ್ಬರೂ ಎಂಜಿನ್ನನ್ನು ತೊಟ್ಟಿಲಿನಿಂದ ಎತ್ತಿ ಹಳಿಯ ಮೇಲೆ ಇಟ್ಟೆವು. ನಾನು ಕತ್ತು ಬಗ್ಗಿಸಿ ಗಾಲಿಯನ್ನೇ ನೋಡುತ್ತಿದ್ದೆ. ಗಾಲಿ ಹಳಿಗೆ ತಾಗಿತು, ಮೈ ಸ್ಪ್ರಿಂಗಿನ ಮೇಲೆ ಕೂತಿತು, ಅಚ್ಚು ತನ್ನ ಗೂಡಿನಲ್ಲಿ ಮೇಲಕ್ಕೆ ಸರಿಯಿತು. ಪೆನ್ಸಿಲ್ಲಿನ ಅರ್ಧ ದಪ್ಪದಷ್ಟು. ಸಾಕು. ಈ ಎಂಜಿನ್ನಿನ ಸಿಲಿಂಡರುಗಳನ್ನು ಇಳಿಜಾರಾಗಿ ಕೂರಿಸಿದ್ದಾರೆ. ಅಚ್ಚು ಮೇಲೆ ಹೋದರೆ ಕಡ್ಡಿ ವಾಲ್ವನ್ನು ಮುಂದಕ್ಕೆ ತಳ್ಳುತ್ತದೆ. ಎರಡೂ ವಾಲ್ವುಗಳನ್ನು, ಒಂದೇ ಅಳತೆಯಲ್ಲಿ.

ನಾನು ನೆಲದ ಮೇಲೆ ಕೂತುಬಿಟ್ಟೆ. ನಗು ಬಂತು, ಆಮೇಲೆ ಸಿಟ್ಟು ಬಂತು.

"ಏನಾತು?" ಅಂದಳು ಅತ್ತಿ.

"ಇವರು ಕಾಲು ಜೋತಬಿಟ್ಟು ಅಳತಿ ತಗೊಂಡಾರ, ಅತ್ತಿ. ನೆಲದ ಮ್ಯಾಲ ನಿಂದ್ರಿಸಿ ನೋಡೇ ಇಲ್ಲ."

"ಯಾಕ?"

"ಬಣ್ಣ ಕೆಡ್ತದಂತ."

ಅತ್ತಿ ಒಂದು ಹಣ್ಣೆಲೆ ಕಿತ್ತು ಬದಿಗೆಸೆದಳು. "ಇಂಥವರ ಹೋಟೆಲ್‌ನ್ಯಾಗ ಊಟ ಹ್ಯಾಂಗಿರತೈತಿ?"

ಮರಕ್ಕೆ ತೂಗುಹಾಕಿದ ಮನುಷ್ಯನಿಗೆ ಪ್ಯಾಂಟಿನ ಅಳತೆ ತೆಗೆಯುವ ದರ್ಜಿಗಳು. ತಿಂಗಳು ತಿಂಗಳು ತೊಟ್ಟಿಲಲ್ಲಿ ಸರಿಮಾಡಿ, ಅಂದರೆ ತಿಂಗಳು ತಿಂಗಳು ಹಳಿಗೆ ಕೆಡಿಸಿ, ಸತ್ತವರ ಕೈಯನ್ನು ದೂರುತ್ತಿದ್ದರು. ಅವರ ಸ್ವಂತ ಎಂಜಿನ್ನುಗಳಿಗೆ ಈ ಗತಿ ಬರಲಿಲ್ಲ, ಯಾಕೆಂದರೆ ಅವುಗಳ ವಾಲ್ವನ್ನು ಯಾರೂ ಮುಟ್ಟಿಯೇ ಇರಲಿಲ್ಲ. ನಮ್ಮ ಕಂಪನಿಯಲ್ಲಿ ಮೇಜಿನ ಮೇಲೆ ಮಲಗಿಸಿದ ವಾಲ್ವನ್ನು ಪಾಸು ಮಾಡಿದರೆ ಮಾರನೆಯ ದಿನ ಕೆಲಸ ಇರುವುದಿಲ್ಲ. ಪೈಪಿಗೆ ಕೂರಿಸು, ನೀರಿನ ಒತ್ತಡ ಕೊಡು, ಆಮೇಲೆ ನೋಡು. ಬ್ಯಾಚು ಕೇಳುವ ಜನಕ್ಕೆ ಇಷ್ಟು ತಿಳಿದಿರಲಿಲ್ಲ.

ವಾಲ್ವಿನ ಪೆಟ್ಟಿಗೆಯ ಮುಚ್ಚಳ ತೆಗೆದೆ. ಎಂಜಿನ್ನನ್ನು ಹಳಿಯ ಮೇಲೆ ಕೈಯಿಂದ ಒಂದಿಷ್ಟೇ ನೂಕುವುದು, ಬಾಗಿಲು ಮುಂದೆ ಎಷ್ಟು ತೆರೆಯಿತು ನೋಡುವುದು, ಮತ್ತೆ ನೂಕುವುದು, ಹಿಂದೆ ಎಷ್ಟು ತೆರೆಯಿತು ನೋಡುವುದು. ನಟ್ಟು ಅರ್ಧ ತಿರುವು. ಇನ್ನೊಂದು ಪಕ್ಕಕ್ಕೂ ಅದೇ ಅರ್ಧ ತಿರುವು, ಅದೇ ದಿಕ್ಕಿಗೆ. ಎರಡೂ ಕಡೆ ಒಂದೇ ಸಮ ತೆರೆದದ್ದನ್ನು ನೋಡಿದಾಗ, ಆ ಸತ್ತವರನ್ನು ಎಂದೂ ಕಾಣದ ನನಗೆ ಅವರ ಮೇಲೆ ಅಕ್ಕರೆ ಬಂತು. ಅವರ ಕೈ ಚೆನ್ನಾಗಿಯೇ ಇತ್ತು.

ರನ್ನಿಂಗ್ ದಿನ ಎಲ್ಲರೂ ಇಸ್ತ್ರಿ ಡಾಂಗರಿಯಲ್ಲಿ ಬಂದರು. ಅತ್ತಿ ಇಳಕಲ್ ಸೀರೆ ಉಟ್ಟು, ರೊಟ್ಟಿಯ ಡಬ್ಬಿ ಹಿಡಿದು ಬಂದಳು. ಗೇಟಿನಲ್ಲಿ ಒಬ್ಬರು ಅವಳಿಗೆ ಕಾರ್ ಡ್ರೈವರುಗಳು ಕೂರುವ ಬೆಂಚು ತೋರಿಸಿದರು. ಅತ್ತಿ ಅಲ್ಲಿ ಹೋಗಿ ಕೂತಳು; ಅವಳಿಗೆ ಡ್ರೈವರುಗಳ ಜೊತೆ ಮಾತು ಚೆನ್ನಾಗಿ ಹತ್ತುತ್ತದೆ.

ಅಧ್ಯಕ್ಷರು ಮೊದಲು ಎಂಜಿನ್ನನ್ನು ತೊಟ್ಟಿಲಿಗೆ ಇಡಿಸಿದರು. ಗಾಳಿ ಬಿಟ್ಟರು. ಕಣ್ಣು ಮುಚ್ಚಿದರು. ಕೂಡಲೇ ತೆರೆದರು.

ಕುಂಟುತ್ತಿತ್ತು. ಎರಡು ಗಟ್ಟಿ, ಎರಡು ಮೆತ್ತಗೆ. ಕುಂಟಲೇಬೇಕು, ನಾನು ಅದನ್ನು ಹಳಿಗೆ ಸರಿಮಾಡಿದ್ದೆ, ತೊಟ್ಟಿಲಿಗಲ್ಲ.

"ಹಾಳು ಮಾಡಿಬಿಟ್ಟಿದ್ದೀರಿ" ಅಂದರು, ಬೇಸರದ ಮುಖದಲ್ಲಿ ಸಂತೋಷ ಮುಚ್ಚಿಡಲಾಗದೆ. "ಡಾಕ್ಟರ್, ಪಾನಾ ತನ್ನಿ. ನಾವು ಸರಿಮಾಡೋಣ."

ಹಲ್ಲಿನ ಡಾಕ್ಟರು ಪಾನಾ ಹಿಡಿದು ಬಗ್ಗಿದರು. ಅವರು ಆ ನಟ್ಟು ಅರ್ಧ ಸುತ್ತು ತಿರುಗಿಸಿದರೆ ಮುಗಿಯಿತು, ಎಂಜಿನ್ ಲಾಬಿಗೆ, ನಾನು ಬೂದಿಗೆ. ನಾನು ಎಂಜಿನ್ ಮತ್ತು ಡಾಕ್ಟರ ನಡುವೆ ಹೋಗಿ ನಿಂತೆ.

"ಮುಟ್ಟಬೇಡಿ ಸರ್. ನೀವು ಹೇಳಿದ್ದು ಹಳಿಯ ಮೇಲೆ ಮೂರು ಸುತ್ತು. ತೊಟ್ಟಿಲಲ್ಲಿ ಮೂರು ಸುತ್ತು ಅಂತ ಹೇಳಿರಲಿಲ್ಲ."

"ತೊಟ್ಟಿಲಲ್ಲಿ ಕುಂಟುವುದು ಹಳಿಯಲ್ಲಿ ಓಡುತ್ತದಾ?"

"ತೊಟ್ಟಿಲಲ್ಲಿ ಓಡಿದ್ದು ಹಳಿಯಲ್ಲಿ ಕುಂಟುತ್ತಿತ್ತಲ್ಲ ಸರ್, ಇಷ್ಟು ದಿನ."

ಅವರು ಆ ಮಾತನ್ನು ಸ್ವಲ್ಪ ಯೋಚಿಸಿದ್ದರೆ ಅಲ್ಲೇ ಎಲ್ಲ ತಿಳಿಯುತ್ತಿತ್ತು. ಯೋಚಿಸಲಿಲ್ಲ. ಗಡಿಯಾರ ನೋಡಿಕೊಂಡು, "ಸರಿ. ನಾನೇ ಹಿಂದೆ ಕೂರುತ್ತೇನೆ. ಎಲ್ಲಿ ನಿಲ್ಲುತ್ತದೆ ನೋಡೋಣ" ಅಂದರು.

ಬೆಂಕಿ ಹಾಕಿ ಉಗಿ ಏರಿಸಿದೆ. ನಾನು ಮುಂದಿನ ಸಣ್ಣ ಟ್ರಾಲಿಯಲ್ಲಿ, ಹಿಡಿಕೆಯ ಹತ್ತಿರ. ಹಿಂದಿನ ಟ್ರಾಲಿಯಲ್ಲಿ ಅಧ್ಯಕ್ಷರು, ಹಲ್ಲಿನ ಡಾಕ್ಟರು, ಇನ್ನೊಬ್ಬ ಸದಸ್ಯರು. ಹೊರಡಬೇಕು ಅನ್ನುವಾಗ ಬೆಂಚಿನಿಂದ ಅತ್ತಿ ಎದ್ದು ಬಂದಳು. ಟ್ರಾಲಿಯನ್ನು ಮೇಲಿಂದ ಕೆಳಗೆ ನೋಡಿದಳು. ಮೂವರು ಕೂತಿದ್ದರು, ತುದಿಯಲ್ಲಿ ಗೇಣು ಜಾಗ ಇತ್ತು. ಮುಂಬಯಿಯಲ್ಲಿ ಅದನ್ನು ಖಾಲಿ ಬಿಡುವುದು ಅವಳಿಂದ ಆಗದ ಕೆಲಸ.

"ಸರ್ಕೋ, ಸರ್ಕೋ" ಅಂದಳು.

ಹೋಟೆಲಿನ ಮಾಲೀಕರು ಸರಿದರು. ಹಲ್ಲಿನ ಡಾಕ್ಟರೂ ಸರಿದರು. ಆ ದನಿಗೆ ಸರಿಯದವರಿಲ್ಲ. ಅತ್ತಿ ಸ್ಕೂಟರಿನ ಹಿಂದೆ ಕೂತಂತೆ ಅಡ್ಡಲಾಗಿ ಕೂತು ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಟ್ರಾಲಿ ಕಿರ್ ಅಂದಿತು.

"ಮೂವರು ಅಂತ ಹೇಳಿದ್ದು" ಅಂದರು ಅಧ್ಯಕ್ಷರು. "ಇದು ತೂಕ ಹೆಚ್ಚಾಯಿತು. ಆಮೇಲೆ ನೆಪ ಹೇಳಬೇಡಿ."

"ಇರಲಿ ಸರ್" ಅಂದೆ. ಏರಿನಲ್ಲಿ ಒಬ್ಬರ ಭಾರವೂ ಲೆಕ್ಕಕ್ಕೆ ಬರುತ್ತದೆ. ಆದರೆ ಅತ್ತಿಯನ್ನು ಇಳಿಸಿ ಬರುವ ಕಾಗದ ನನಗೆ ಬೇಕಿರಲಿಲ್ಲ.

ಹಿಡಿಕೆಯನ್ನು ಮೆಲ್ಲಗೆ ಎಳೆದೆ. ಮೊದಲ ಉಸಿರು. ಎರಡನೆಯದು. ಮೂರನೆಯದಕ್ಕೆ ಕಿವಿಗೊಟ್ಟು ಕಾದೆ, ಮೆತ್ತಗಾಗುತ್ತಿದ್ದದ್ದು ಅಲ್ಲಿಯೇ. ಅದು ಮೊದಲಿನವುಗಳಷ್ಟೇ ಗಟ್ಟಿಯಾಗಿ ಬಂತು. ನಾಲ್ಕನೆಯದೂ. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಬೇಕಾಗಿಲ್ಲ ಅಂತ ಗೊತ್ತಾಯಿತು. ಗುಲ್‌ಮೊಹರ್ ಮರದ ಏರಿನಲ್ಲಿ ವೇಗ ಸ್ವಲ್ಪ ಇಳಿಯಿತು, ಉಸಿರು ದಪ್ಪವಾಯಿತು, ಒಂದೊಂದೂ ಬೇರೆ ಬೇರೆಯಾಗಿ ಕೇಳಿಸಿತು, ನಾಲ್ಕೂ ಸಮ. ಮರ ಹಿಂದೆ ಹೋಯಿತು.

ಹಿಂದಿನ ಟ್ರಾಲಿಯ ಕಡೆ ತಿರುಗಿದೆ. ಅಧ್ಯಕ್ಷರು ಕಣ್ಣು ಮುಚ್ಚಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಅತ್ತಿ ಡಾಕ್ಟರನ್ನು ಹಿಂದಿಯಲ್ಲಿ ಕೇಳಿದಳು, ಮುಂದಿನ ಸ್ಟೇಷನ್ ಯಾವುದು ಅಂತ. ಅವರು ಗಂಭೀರವಾಗಿ ಯೋಚಿಸಿ, ಸ್ಟೇಷನ್ ಇಲ್ಲ, ಇದು ಸುತ್ತುತ್ತದೆ ಅಂದರು. "ಹಂಗಾರ ಇಷ್ಟು ಮಂದಿ ಎಲ್ಲಿಗಿ ಹೊಂಟೀರಿ?" ಅಂದಳು ಕನ್ನಡದಲ್ಲಿ. ಅದಕ್ಕೆ ಉತ್ತರ ಕೊಡಬಲ್ಲವರು ಆ ಕ್ಲಬ್ಬಿನಲ್ಲಿ ಇವತ್ತಿಗೂ ಇಲ್ಲ.

ಮೂರು ಸುತ್ತು ಮುಗಿಸಿ, ನಿಲ್ಲಿಸಬೇಕಾದ ಕಡೆ ನಾನೇ ನಿಲ್ಲಿಸಿದೆ.

ಅಧ್ಯಕ್ಷರು ಇಳಿದು ಡಾಂಗರಿಯ ಮೇಲಿನ ಮಸಿ ಕೊಡವಿಕೊಂಡರು. ಶೆಡ್ಡಿನ ಕಡೆ ನೋಡಿದರು. ಈಗಲಾದರೂ ಕೇಳುತ್ತಾರೆ, ಏನು ಮಾಡಿದಿರಿ ಅಂತ, ಅಂದುಕೊಂಡೆ. ಹೇಳಲು ಮಾತುಗಳನ್ನು ಸಿದ್ಧಮಾಡಿಟ್ಟುಕೊಂಡಿದ್ದೆ, ಇಂಗ್ಲಿಷಿನಲ್ಲಿ.

"ಆ ತೊಟ್ಟಿಲು ಸೊಟ್ಟಗಾಗಿರಬೇಕು" ಅಂದರು ಡಾಕ್ಟರಿಗೆ. "ಬಡಗಿಗೆ ಹೇಳಿ."

ಸಿದ್ಧಮಾಡಿದ ಮಾತುಗಳನ್ನು ನುಂಗಿದೆ. ಇವರಿಗೆ ಹೇಳಿ ಅದನ್ನು ಹಾಳು ಮಾಡುವುದು ಬೇಡ ಅನ್ನಿಸಿತು. ಬಡಗಿ ಬಂದ, ತೊಟ್ಟಿಲಿಗೆ ಹೊಸ ಮಖಮಲ್ಲು ಬಂತು, ಈಗಲೂ ತಿಂಗಳಿಗೊಮ್ಮೆ ಬೇರೆ ಯಾರದ್ದೋ ಎಂಜಿನ್ನನ್ನು ಅದರಲ್ಲಿ ಮಲಗಿಸಿ ಕಣ್ಣು ಮುಚ್ಚುತ್ತಾರೆ. ನಮ್ಮ ಎಂಜಿನ್ನನ್ನು ಮಾತ್ರ ನಾನು ಅದರ ಹತ್ತಿರ ಬಿಡುವುದಿಲ್ಲ.

ಚಹಾದ ಹೊತ್ತಿಗೆ ಸರ್ಟಿಫಿಕೇಟ್ ಬಂತು. ದಪ್ಪ ಕಾಗದ, ಸುತ್ತ ಬಂಗಾರದ ಬಣ್ಣದ ಗೆರೆ, ಮೇಲೆ ಎಂಜಿನ್ನಿನ ಚಿತ್ರ. ಅಧ್ಯಕ್ಷರು ಅದನ್ನು ಎರಡು ಬೆರಳಲ್ಲಿ ಹಿಡಿದು ಚಾಚಿ ಫೋಟೊದವನ ಕಡೆ ನೋಡಿ ನಕ್ಕರು. ನಾನು ಕೈ ಚಾಚಲಿಲ್ಲ, ಸುಮ್ಮನೆ ನಿಂತೆ. ಫೋಟೊದವನು ಕಾದ. ಕೊನೆಗೆ ಯಾಕೆ ತೆಗೆದುಕೊಳ್ಳುತ್ತಿಲ್ಲ ಅಂತ ಅವರು ಕತ್ತು ತಿರುಗಿಸಿ ನನ್ನ ಮುಖ ನೋಡಿದರು. ಆಗ ತೆಗೆದುಕೊಂಡೆ.

ಗೇಟಿನ ಹೊರಗೆ ರಿಕ್ಷಾಕ್ಕೆ ಕಾಯುವಾಗ ಅದನ್ನು ಅತ್ತಿಯ ಕೈಗೆ ಕೊಟ್ಟೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದಳು, ಮುಂದೆ ನೋಡಿದಳು, ತಿರುಗಿಸಿ ಹಿಂದೆ ನೋಡಿದಳು, ಬಂಗಾರದ ಗೆರೆಯ ಮೇಲೆ ಉಗುರು ಆಡಿಸಿ ಬಿಡುತ್ತದೇನೋ ಅಂತ ಪರೀಕ್ಷೆ ಮಾಡಿದಳು. ಆಮೇಲೆ ರೊಟ್ಟಿಯ ಡಬ್ಬಿಯ ಮೇಲೆ ಮಡಿಕೆ ಬೀಳದ ಹಾಗೆ ಇಟ್ಟುಕೊಂಡು ಕೇಳಿದಳು:

"ಇದನ್ನ ತೋರಿಸಿದ್ರ ಲೋಕಲ್‌ನ್ಯಾಗ ಫೋರ್ತ್ ಸೀಟಾದ್ರೂ ಬಿಡ್ತಾರೇನ ಯವ್ವಾ?"